ಮೊದಲ ಪಗಾರ ಕೈಗೆ ಬರುವ ತನಕ

ಹಳ್ಳಿಯ ಬಡ ಯುವಜನರಿಗೆ ಕಸುಬು ಕಲಿಸಿ ಕೆಲಸಕ್ಕೆ ಸೇರಿಸುವ ಕೇಂದ್ರ ಸರ್ಕಾರದ ಯೋಜನೆ ಡಿಡಿಯು-ಜಿಕೆವೈ. ಅದರ ಸೆಂಟರ್ ನಡೆಸುವ ನಮ್ಮಂಥವರ ಗೋಳು ಒಂದೇ: ಪ್ಲೇಸ್‌ಮೆಂಟ್ ಆಗುತ್ತದೆ, ನಿಲ್ಲುವುದಿಲ್ಲ. ರಾಯಚೂರು, ಯಾದಗಿರಿ ಕಡೆಯ 35 ಹುಡುಗಿಯರಿಗೆ ಹೊಲಿಗೆ ಕಲಿಸಿ ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗೆ ಕಳಿಸಿದರೆ, ಮೂರನೇ ಪಗಾರದ ಹೊತ್ತಿಗೆ ಹದಿನೈದು ಜನ ಉಳಿದರೆ ಹೆಚ್ಚು. ಕಲಿತವರಲ್ಲಿ ಶೇ. 70 ಜನ ಕೆಲಸದಲ್ಲಿ ನಿಲ್ಲಬೇಕು ಎಂಬುದು ಯೋಜನೆಯ ಷರತ್ತು. ಮೂರು ತಿಂಗಳ ಪೇ ಸ್ಲಿಪ್ ಇಲ್ಲದೆ ಆ ಲೆಕ್ಕ ತುಂಬುವುದಿಲ್ಲ, ಸೆಂಟರಿಗೆ ಮುಂದಿನ ಕಂತೂ ಬರುವುದಿಲ್ಲ. ಎಲ್ಲರೂ ಕೌನ್ಸೆಲಿಂಗ್ ಜಾಸ್ತಿ ಮಾಡಿ ಎಂದರು. ನಾವು ಹುಡುಗಿಯರನ್ನು ಫ್ಯಾಕ್ಟರಿಗೆ ಸೇರಿಸುವ ತಾರೀಖು ಬದಲಿಸಿದೆವು. ನಕ್ಕವರೇ ಬಹಳ.

ಲೆಕ್ಕ ಇಷ್ಟೇ. ನಾವು ಕಳಿಸುತ್ತಿದ್ದ ಫ್ಯಾಕ್ಟರಿಯಲ್ಲಿ ಹಾಜರಿಯ ಲೆಕ್ಕ ತಿಂಗಳ 20ಕ್ಕೆ ಮುಗಿಯುತ್ತದೆ, ಅದರ ಪಗಾರ ಮುಂದಿನ ತಿಂಗಳ 7ಕ್ಕೆ. 22ಕ್ಕೆ ಸೇರಿದವಳಿಗೆ ಮೊದಲ ದುಡ್ಡು ಕಾಣಲು 45 ದಿನದ ಮೇಲೆ ಬೇಕು. 8ಕ್ಕೆ ಸೇರಿಸಿದರೆ ಹನ್ನೆರಡು ದಿನದ್ದಾದರೂ ತಿಂಗಳೊಳಗೆ ಖಾತೆಗೆ ಬೀಳುತ್ತದೆ. ಆ ನಾಲ್ಕೈದು ಸಾವಿರದ ಮೆಸೇಜ್ ಅಪ್ಪನ ಫೋನಿಗೆ ಹೋಯಿತೆಂದರೆ, ಊರಿಂದ ‘ವಾಪಸ್ ಬಾ’ ಅನ್ನುವ ಫೋನು ನಿಲ್ಲುತ್ತದೆ.

ಅಷ್ಟು ದಿನ ತಳ್ಳಲು ಒಬ್ಬಳಿಗೆ ಸುಮಾರು ಆರು ಸಾವಿರ ಬೇಕು. ಹಾಸ್ಟೆಲ್ ಅಡ್ವಾನ್ಸ್ ಎರಡು, ಮೆಸ್ ಎರಡೂವರೆ, ಉಳಿದದ್ದು ಬಸ್ಸು, ಸೋಪು, ರೀಚಾರ್ಜ್. ಯೋಜನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ತಿಂಗಳಿಗೆ ಸಾವಿರ ಇದೆ: ಜಿಲ್ಲೆಯೊಳಗಾದರೆ 2 ತಿಂಗಳು, ರಾಜ್ಯದೊಳಗೆ 3, ಹೊರರಾಜ್ಯಕ್ಕೆ 6. ಆದರೆ ಅದು ಕೈಗೆ ಸಿಗುವಷ್ಟರಲ್ಲಿ ಹುಡುಗಿ ಊರು ಸೇರಿರುತ್ತಾಳೆ. ಮೊದಲ ಸಾವಿರವನ್ನು ಬಸ್ ಹತ್ತುವ ದಿನವೇ ಸೆಂಟರಿನ ಗಂಟಿನಿಂದ ಕೊಟ್ಟೆವು. ಬ್ಯಾಚಿಗೆ ಮೂವತ್ತು ಚಿಲ್ಲರೆ ಸಾವಿರ ಸಿಕ್ಕಿಕೊಂಡಿತು, ಒಂದು ಸಲ ಏಳೆಂಟು ಸಾವಿರ ಮುಳುಗಿತು ಕೂಡ. ಹಾಸ್ಟೆಲ್ ಅಡ್ವಾನ್ಸನ್ನು ಮೂರು ಪಗಾರದಲ್ಲಿ ಮುರಿದುಕೊಳ್ಳಲು ಫ್ಯಾಕ್ಟರಿಯ ಎಚ್‌ಆರ್ ಒಪ್ಪಿದರು. ಹೇಗೆ ಒಪ್ಪಿಸಿದೆವು ಎಂಬುದನ್ನು ಬರೆಯುವುದಿಲ್ಲ, ಪಕ್ಕದ ಸೆಂಟರಿನವರೂ ಓದುತ್ತಾರೆ.

ಖಾತೆ ತರಬೇತಿಯ ಮೊದಲ ವಾರದಲ್ಲೇ ನೋಡಬೇಕು. ಪೂರ್ತಿ ಕೆವೈಸಿ ಆಗದ ಸಣ್ಣ ಖಾತೆಯಾದರೆ ತಿಂಗಳಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ತೆಗೆಯಲಾಗದು, ವರ್ಷಕ್ಕೆ ಒಂದು ಲಕ್ಷದ ಮೇಲೆ ಜಮೆಯೂ ಆಗದು. ಹದಿಮೂರು ಸಾವಿರ ಪಗಾರದವಳ ಖಾತೆ ಎಂಟನೇ ತಿಂಗಳಿಗೆ ಜಾಮ್. ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿ, ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ ಮಾತ್ರ ಎಂದಿದ್ದರೆ ಪಿಎಫ್ ಕೆವೈಸಿ ಕೂಡ ಅಲ್ಲೇ ಕೂರುತ್ತದೆ.

ಕೆಲಸ ಬರುವುದಿಲ್ಲ ಎಂದು ವಾಪಸ್ ಬಂದವರೂ ಇದ್ದರು. ತಪ್ಪು ಅವರದಲ್ಲ, ನಮ್ಮ ಹಳೇ ಕ್ಲಚ್ ಮೋಟಾರ್ ಮೆಷಿನಿನದು. ಫ್ಯಾಕ್ಟರಿಯ ಹೊಸ ಮೆಷಿನಿನಲ್ಲಿ ಪೆಡಲನ್ನು ಹಿಮ್ಮಡಿಯಿಂದ ಹಿಂದಕ್ಕೆ ಒತ್ತಿದರೆ ದಾರ ತಾನೇ ಕತ್ತರಿಸುತ್ತದೆ. ನಮ್ಮ ಹುಡುಗಿಯರಿಗೆ ಹಿಮ್ಮಡಿ ಊರಿ ಕೂರುವ ರೂಢಿ, ಕಾಲರ್ ಅರ್ಧ ಹೊಲಿದಿರುವಾಗಲೇ ದಾರ ಕಟ್. ಟ್ರಿಮ್ಮರ್ ಇರುವ ಎರಡು ಸೆಕೆಂಡ್ ಹ್ಯಾಂಡ್ ಮೆಷಿನ್ ತಂದು ಕೊನೆಯ ಹತ್ತು ದಿನ ಸರದಿ ಹಾಕಿದೆವು, ಆ ದೂರು ಮುಗಿಯಿತು.

ರೊಟ್ಟಿಯ ಪ್ರಯೋಗವೂ ಆಯಿತು. ಎರಡು ಹೊತ್ತು ಅನ್ನ-ಸಾಂಬಾರ್ ಹಾಕುವ ಹಾಸ್ಟೆಲ್‌ಗೆ ತಲೆಗೆ 60 ಖಡಕ್ ರೊಟ್ಟಿ, ಅರ್ಧ ಕಿಲೋ ಶೇಂಗಾ ಚಟ್ನಿ ಪುಡಿ ಕಟ್ಟಿ ಕಳಿಸಿದೆವು. ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ತಿಂಗಳು ಕೆಡುವುದಿಲ್ಲ. ಮಳೆಗಾಲದ ಬ್ಯಾಚಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದು ಹತ್ತೇ ದಿನಕ್ಕೆ ಬೂಸ್ಟು ಹಿಡಿಯಿತು.

ಡಿಗ್ರಿ ಆದವರದ್ದು ಬೇರೆ ಲೆಕ್ಕ: ಕೆಲಸಕ್ಕೆ ಸೇರಿದರೆ ಯುವನಿಧಿಯ ನಿರುದ್ಯೋಗ ಭತ್ಯೆ, ತಿಂಗಳಿಗೆ 3,000, ನಿಲ್ಲುತ್ತದಲ್ಲ ಎಂಬ ಹಿಂಜರಿಕೆ. ಅದು ಹೇಗೂ ಎರಡು ವರ್ಷಕ್ಕೆ ಮುಗಿಯುವಂಥದ್ದು ಎಂದು ಹಾಳೆಯ ಮೇಲೆ ಬರೆದು ತೋರಿಸಿದರೆ ಅರ್ಧದಷ್ಟು ಜನ ಒಪ್ಪುತ್ತಾರೆ.

ಕಳೆದ ಬ್ಯಾಚಿನಲ್ಲಿ ಹೋದವರು 31, ಮೂರನೇ ಪಗಾರ ತೆಗೆದುಕೊಂಡವರು 26. ನಕ್ಕವರಲ್ಲಿ ಇಬ್ಬರು ಈಗ 8ನೇ ತಾರೀಖೇ ಹಿಡಿದಿದ್ದಾರೆ. ಅವರು ಗಮನಿಸದ್ದು ಒಂದಿದೆ: ನಾಗರಪಂಚಮಿಗೆ ಊರಿಗೆ ಹೋದವರು ಜೋಕಾಲಿ ಇಳಿದು ವಾಪಸ್ ಬರುವುದು ಕಷ್ಟ. ಏಪ್ರಿಲ್ 8ಕ್ಕೆ ಸೇರಿದವಳಿಗೆ ಮೂರನೇ ಪಗಾರ ಜುಲೈ 7ಕ್ಕೆ, ಹಬ್ಬಕ್ಕೆ ಮುಂಚೆಯೇ ಸಿಗುತ್ತದೆ. ಹಾಗಾಗಿ ಏಪ್ರಿಲ್ 8ರ ನಂತರ ಶ್ರಾವಣ ಮುಗಿಯುವ ತನಕ ನಾವು ಯಾರನ್ನೂ ಬಸ್ ಹತ್ತಿಸುವುದಿಲ್ಲ.