ನಾಲ್ಕು ದಿನಕ್ಕೆ ಟ್ರಿನಿಡಾಡ್: ಯಾವ ದಿನ ಎಲ್ಲಿಗೆ, ಏನು ತಿನ್ನಬೇಕು, ಏನು ನೋಡಬೇಕು

ಅಮೆರಿಕದಲ್ಲೋ ಕೆನಡಾದಲ್ಲೋ ಮಕ್ಕಳ ಮನೆಗೆ ಹೋಗಿ ಒಂದೆರಡು ತಿಂಗಳು ಉಳಿಯುವ ಕನ್ನಡಿಗರು ಈಗ ಜಾಸ್ತಿ. ನಯಾಗರಾ, ನ್ಯೂಯಾರ್ಕ್ ಎಲ್ಲ ಮುಗಿದ ಮೇಲೆ ಮುಂದೆ ಎಲ್ಲಿಗೆ ಅಂತ ಕೇಳಿದರೆ ನಾನು ಟ್ರಿನಿಡಾಡ್ ಅನ್ನುತ್ತೇನೆ. ನ್ಯೂಯಾರ್ಕಿನಿಂದ ನೇರ ವಿಮಾನದಲ್ಲಿ ಸುಮಾರು ಐದು ಗಂಟೆ. ಟೊರೊಂಟೊದಿಂದಲೂ ನೇರ ವಿಮಾನ ಇದೆ. ಇಂಗ್ಲಿಷ್ ನಡೆಯುತ್ತದೆ. ಗಾಡಿ ನಮ್ಮ ಹಾಗೆ ರಸ್ತೆಯ ಎಡಕ್ಕೆ ಓಡುತ್ತದೆ. ಸಸ್ಯಾಹಾರಿಗಳು ಹೊಟ್ಟೆ ತುಂಬ ತಿನ್ನಬಹುದಾದ ಕೆರಿಬಿಯನ್ ದ್ವೀಪ ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಯಾಲೆಂಡರಿನಲ್ಲಿ ಕಾಣುವ ತಿಳಿನೀಲಿ ನೀರು, ಬಿಳಿ ಮರಳು ಮಾತ್ರ ಬೇಕು ಅನ್ನುವವರು ಪಕ್ಕದ ಟೊಬೇಗೊಗೆ ಹೋಗಲಿ. ಅದೂ ಇದೇ ದೇಶದ ದ್ವೀಪ, ವಿಮಾನದಲ್ಲಿ ಅರ್ಧ ಗಂಟೆಯೂ ಬೇಡ. ಟ್ರಿನಿಡಾಡ್ ವೆನೆಜುವೆಲಾಕ್ಕೆ ತೀರಾ ಹತ್ತಿರ, ನಡುವೆ ಇರುವುದು ಸುಮಾರು 11 ಕಿಲೋಮೀಟರ್ ನೀರು. ಒರಿನೊಕೊ ನದಿಯ ಕೆಸರು ಬಂದು ಸೇರುವುದರಿಂದ ಪಶ್ಚಿಮ, ದಕ್ಷಿಣದ ಕಡಲು ಕಂದು ಬಣ್ಣಕ್ಕಿರುತ್ತದೆ. ಚಂದದ ಬೀಚುಗಳು ಇರುವುದು ಉತ್ತರದಲ್ಲಿ. ಆದರೆ ಈ ದ್ವೀಪದ ನಿಜವಾದ ಸೊಗಸು ಊಟ ಮತ್ತು ಜನರ ಚರಿತ್ರೆ. ನಾಲ್ಕು ದಿನದ ಯೋಜನೆಯನ್ನು ಅದರ ಸುತ್ತಲೇ ಹಾಕಿಕೊಳ್ಳಿ.

ಹೊರಡುವ ಮೊದಲು

ಎಲ್ಲಕ್ಕಿಂತ ಮುಖ್ಯವಾದದ್ದು ಹಳದಿ ಜ್ವರದ ಲಸಿಕೆ. ಈ ಜ್ವರದ ಅಪಾಯ ಇರುವ ಜಾಗಗಳು ಅಂತ ಭಾರತ ಸರ್ಕಾರ ಮಾಡಿರುವ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದಿಳಿದರೆ ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಕ್ವಾರಂಟೈನ್‌ಗೆ ಕಳಿಸುತ್ತಾರೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರವೇ ಪ್ರಮಾಣಪತ್ರ ಊರ್ಜಿತ. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಿ, ಹಳದಿ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಅರವತ್ತು ದಾಟಿದವರು ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು. ಆ ವಯಸ್ಸಿನಲ್ಲಿ ಈ ಲಸಿಕೆಯ ಅಡ್ಡಪರಿಣಾಮದ ಸಾಧ್ಯತೆ ಸ್ವಲ್ಪ ಹೆಚ್ಚು.

ಅಮೆರಿಕದಿಂದ ಹೋಗುವವರು ನಿಮ್ಮ ವೀಸಾದಲ್ಲಿ ಮತ್ತೆ ಒಳಗೆ ಬರಲು ಅವಕಾಶ ಇದೆಯೇ ನೋಡಿಕೊಳ್ಳಿ. ಬೆಂಗಳೂರಿನಿಂದ ನೇರವಾಗಿ ಹೊರಡುವವರು ದಾರಿಯಲ್ಲಿ ವಿಮಾನ ಬದಲಿಸುವ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕೇ ಅಂತ ವಿಚಾರಿಸಿ. ಟ್ರಿನಿಡಾಡಿನ ಪ್ರವೇಶ ನಿಯಮವನ್ನು ಟಿಕೆಟ್ ತೆಗೆಯುವ ಮೊದಲೇ ದೆಹಲಿಯಲ್ಲಿರುವ ಅವರ ಹೈಕಮಿಷನ್‌ನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ.

ಜನವರಿಯಿಂದ ಮೇವರೆಗೆ ಒಣ ಹವೆ, ಸುತ್ತಾಡಲು ಅದೇ ಒಳ್ಳೆಯ ಕಾಲ. ಕರೆಂಟು 115 ವೋಲ್ಟ್, ಪ್ಲಗ್ ಅಮೆರಿಕದ್ದೇ. ಸೇನೆಯ ಸಮವಸ್ತ್ರದ ಹಾಗೆ ಕಾಣುವ ಹಸಿರು ಮಚ್ಚೆಯ ಬಟ್ಟೆ ತೆಗೆದುಕೊಂಡು ಹೋಗಬೇಡಿ. ಅಲ್ಲಿ ಸಾಮಾನ್ಯರು ಅದನ್ನು ಹಾಕುವುದು ಕಾನೂನಿಗೆ ವಿರುದ್ಧ.

ಓಡಾಟ

ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಒಂದೇ ಕಡೆ ರೂಮು ಮಾಡಿ. ದಿನಕ್ಕೊಂದು ದಿಕ್ಕು ಹಿಡಿಯಿರಿ. ದ್ವೀಪ ಇರುವುದು ಸುಮಾರು 4,800 ಚದರ ಕಿಲೋಮೀಟರ್ ಅಷ್ಟೇ, ಆದರೂ ಹೆದ್ದಾರಿಯಲ್ಲಿ ಟ್ರಾಫಿಕ್ ಜೋರು. ಒಂದೇ ದಿನ ಉತ್ತರ, ದಕ್ಷಿಣ ಎರಡನ್ನೂ ಮುಗಿಸಲು ಹೊರಟರೆ ಕಾರಿನೊಳಗೇ ದಿನ ಕಳೆದುಹೋಗುತ್ತದೆ. ಮ್ಯಾಕ್ಸಿ ಟ್ಯಾಕ್ಸಿ ಅಂತ ಬಿಳಿ ವ್ಯಾನುಗಳು ಓಡುತ್ತವೆ. ಮೈಮೇಲಿನ ಪಟ್ಟಿಯ ಬಣ್ಣ ನೋಡಿ ಹತ್ತಬೇಕು. ಕೆಂಪು ಪಟ್ಟಿ ಪೂರ್ವಕ್ಕೆ, ಹಸಿರು ಪಟ್ಟಿ ಮಧ್ಯ ಮತ್ತು ದಕ್ಷಿಣಕ್ಕೆ. ಟ್ಯಾಕ್ಸಿ ಕಾರಿನ ನಂಬರ್ ಪ್ಲೇಟು 'ಎಚ್' ಅಕ್ಷರದಿಂದ ಶುರುವಾಗುತ್ತದೆ. ಮನೆಮಂದಿಯೆಲ್ಲ ಹೊರಟಿದ್ದರೆ ಹೋಟೆಲಿನವರು ಗೊತ್ತುಮಾಡಿಕೊಡುವ ಡ್ರೈವರನ್ನು ಇಡೀ ದಿನಕ್ಕೆ ಹಿಡಿಯುವುದೇ ಸಲೀಸು. ಅಪರಾಧದ ಸಮಸ್ಯೆ ಇರುವ ದೇಶ ಅದು. ಕತ್ತಲಾದ ಮೇಲೆ ನಡೆದು ತಿರುಗಬೇಡಿ, ಮೈಮೇಲೆ ಚಿನ್ನ ಬೇಡ.

ಮೊದಲ ದಿನ: ಪೋರ್ಟ್ ಆಫ್ ಸ್ಪೇನ್

ಬೆಳಗ್ಗೆ ಹೋಟೆಲಿನ ತಿಂಡಿ ಬಿಡಿ. ಬೀದಿಯಲ್ಲಿ ಡಬಲ್ಸ್ ಮಾರುವವರನ್ನು ಹುಡುಕಿ. ಗಾಜಿನ ಪೆಟ್ಟಿಗೆ ಇಟ್ಟ ಗಾಡಿ, ಸುತ್ತ ಆಫೀಸಿಗೆ ಹೊರಟ ಜನ. ಮಾರುವವರು ಅಂಗೈಯಲ್ಲಿ ಒಂದು ಕಾಗದ ಹಾಸುತ್ತಾರೆ. ಬಟ್ಟೆ ಮುಚ್ಚಿಟ್ಟ ಡಬ್ಬಿಯಿಂದ ಅರಿಶಿನ ಬಣ್ಣದ ಮೆತ್ತನೆಯ ಎರಡು 'ಬಾರಾ' (ಎಣ್ಣೆಯಲ್ಲಿ ಕರಿದ ಪುಟ್ಟ ರೊಟ್ಟಿ) ಎಳೆದು, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಇಡುತ್ತಾರೆ. ಮೇಲೆ ಒಂದು ಚಮಚ ತೆಳ್ಳಗಿನ ಕಡಲೆಕಾಳಿನ ಪಲ್ಯ, ಹುಣಸೆ ಚಟ್ನಿ, ಸೌತೆಕಾಯಿ ತುರಿ. ಕೊನೆಗೆ ಖಾರ ಎಷ್ಟು ಅಂತ ಕೇಳುತ್ತಾರೆ. 'ಸ್ಲೈಟ್' ಅನ್ನಿ. ನಾವು ಖಾರ ತಿನ್ನುವವರು ಅಂತ ಧೈರ್ಯ ಮಾಡಬೇಡಿ. ಜಗತ್ತಿನ ಅತಿ ಖಾರದ ಮೆಣಸುಗಳಲ್ಲಿ ಒಂದಾದ ಮೊರುಗಾ ಸ್ಕಾರ್ಪಿಯನ್ ಈ ದ್ವೀಪದ್ದೇ. ಕಾಗದದ ಎರಡು ತುದಿ ಹಿಡಿದು ಗಿರ್ರನೆ ತಿರುಗಿಸಿ ಪೊಟ್ಟಣ ಕೊಡುತ್ತಾರೆ. ನಿಂತಲ್ಲೇ ತಿನ್ನಬೇಕು, ಕೈ ಮೈ ಎಲ್ಲ ಆಗುತ್ತದೆ, ಆಗಲಿ. 1930ರ ದಶಕದಲ್ಲಿ ಪ್ರಿನ್ಸಸ್ ಟೌನಿನ ದೀನ್ ಕುಟುಂಬ ಇದನ್ನು ಶುರುಮಾಡಿತು. ಇಂದು ಜಾತಿ, ಧರ್ಮ, ಬಣ್ಣ ಯಾವುದನ್ನೂ ನೋಡದೆ ಇಡೀ ದೇಶ ತಿನ್ನುತ್ತದೆ. ಇದಕ್ಕೆ ಮಾಂಸ ಹಾಕುವುದಿಲ್ಲ. ಕೈಯಲ್ಲಿ ಚಿಲ್ಲರೆ ಇರಲಿ.

ತಿಂದು ಕ್ವೀನ್ಸ್ ಪಾರ್ಕ್ ಸವಾನ ಮೈದಾನಕ್ಕೆ ಹೋಗಿ. ಅದರ ಪಶ್ಚಿಮದ ಬದಿಯಲ್ಲಿ 'ಮ್ಯಾಗ್ನಿಫಿಸೆಂಟ್ ಸೆವೆನ್' ಅನ್ನುವ ಏಳು ಹಳೆಯ ಕಟ್ಟಡಗಳಿವೆ. ಕೋಕೊ ಬೆಳೆದು ಹಣ ಮಾಡಿದ ಕಾಲದವು, ಇಪ್ಪತ್ತನೇ ಶತಮಾನದ ಆರಂಭದವು. ಮೊದಲ ಪ್ರಧಾನಿ ಎರಿಕ್ ವಿಲಿಯಮ್ಸ್, ಲೇಖಕ ನೈಪಾಲ್ ಓದಿದ ಕ್ವೀನ್ಸ್ ರಾಯಲ್ ಕಾಲೇಜು ಈ ಏಳರಲ್ಲಿ ಒಂದು.

ಕ್ರಿಕೆಟ್ ಹುಚ್ಚಿದ್ದವರು ಕ್ವೀನ್ಸ್ ಪಾರ್ಕ್ ಓವಲ್‌ಗೆ ಹೋಗದೆ ಬರಬಾರದು. 1976ರ ಏಪ್ರಿಲ್‌ನಲ್ಲಿ ಭಾರತ ಇಲ್ಲಿ ನಾಲ್ಕನೇ ಇನಿಂಗ್ಸ್‌ನಲ್ಲಿ 403 ರನ್ ಬೆನ್ನಟ್ಟಿ, 4 ವಿಕೆಟ್‌ಗೆ 406 ಹೊಡೆದು ಗೆದ್ದಿತು. ಅದರಲ್ಲಿ 112 ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರದು. ಬ್ರಿಜೇಶ್ ಪಟೇಲ್ 49 ಹೊಡೆದು ಔಟಾಗದೆ ಉಳಿದರು. ಟೆಸ್ಟ್‌ನಲ್ಲಿ ಬೆನ್ನಟ್ಟಿ ಗೆದ್ದ ಅತಿ ದೊಡ್ಡ ಮೊತ್ತದ ಆ ದಾಖಲೆ 2003ರವರೆಗೆ ನಿಂತಿತ್ತು.

ಸಂಜೆ ಸ್ಟೀಲ್‌ಪ್ಯಾನ್ ವಾದ್ಯ ಕೇಳಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬ್ರಿಟಿಷರು ಆಫ್ರಿಕನ್ ಮೂಲದವರ ಚರ್ಮವಾದ್ಯಗಳಿಗೆ ನಿರ್ಬಂಧ ಹಾಕಿದರು. ಜನ ಬಿದಿರು ಹಿಡಿದರು. ಆಮೇಲೆ ತಗಡು, ಡಬ್ಬ. ಕೊನೆಗೆ ಎಣ್ಣೆಯ ಡ್ರಮ್ಮಿನ ತಳವನ್ನು ಸುತ್ತಿಗೆಯಿಂದ ಬಡಿದು ತಗ್ಗು ಮಾಡಿ, ಒಂದೊಂದು ಜಾಗಕ್ಕೆ ಒಂದೊಂದು ಸ್ವರ ಕೂರಿಸಿದರು. ಬಡವರ ಕೇರಿಗಳಲ್ಲಿ ಹುಟ್ಟಿದ ಈ ವಾದ್ಯ ಈಗ ದೇಶದ ಲಾಂಛನದಲ್ಲಿ ಕೊಲಂಬಸ್‌ನ ಹಡಗುಗಳ ಜಾಗಕ್ಕೆ ಬಂದಿದೆ. ಜನವರಿಯಿಂದ, ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ ಬರುವ ಕಾರ್ನಿವಲ್ ಹಬ್ಬದವರೆಗೆ, 'ಪ್ಯಾನ್‌ಯಾರ್ಡ್' ಅನ್ನುವ ವಾದ್ಯತಂಡಗಳ ಅಂಗಳಗಳಲ್ಲಿ ರಾತ್ರಿ ತಾಲೀಮು ನಡೆಯುತ್ತದೆ. ಡ್ರೈವರ್ ಜೊತೆಗೇ ಹೋಗಿ, ಕೇಳಿ ಬನ್ನಿ.

ಎರಡನೇ ದಿನ: ಮರಾಕಸ್ ಕಡಲು

ಉತ್ತರದ ಬೆಟ್ಟ ಹತ್ತಿ ಇಳಿದರೆ ಮರಾಕಸ್ ಬೀಚು. ನಗರದಿಂದ ಮುಕ್ಕಾಲು ಗಂಟೆ. ಬ್ರಯನ್ ಲಾರಾ ಹುಟ್ಟಿದ ಸಾಂತಾ ಕ್ರೂಸ್ ಕಣಿವೆಯ ಮೇಲೂ ಹೋಗಬಹುದು. ಬೆಟ್ಟದ ಮೇಲೆ ಕಡಲು ಕಾಣುವ ತಿರುವಿನಲ್ಲಿ ಗಾಡಿ ನಿಲ್ಲಿಸಿ. ಅಲ್ಲಿನ ಅಂಗಡಿಗಳಲ್ಲಿ 'ಚೌ' ಸಿಗುತ್ತದೆ. ಮಾವಿನಕಾಯಿಗೋ ಅನಾನಸಿಗೋ ಉಪ್ಪು, ಮೆಣಸು, ಬೆಳ್ಳುಳ್ಳಿ, 'ಶಾಡೋ ಬೆನಿ' ಅನ್ನುವ ಕೊತ್ತಂಬರಿ ವಾಸನೆಯ ಸೊಪ್ಪು ಹಾಕಿ ಕಲಸಿದ್ದು.

ವಾರದ ದಿನ ಹೋಗಿ, ಭಾನುವಾರ ಜನಜಂಗುಳಿ. ಅಲೆ ಜೋರು, ಒಳಸೆಳೆತ ಇದೆ. ಕೆಂಪು ಬಾವುಟ ಇದ್ದ ಕಡೆ ಇಳಿಯಲೇಬೇಡಿ, ಜೀವರಕ್ಷಕರು ತೋರಿಸಿದ ಜಾಗದಲ್ಲಿ ಮಾತ್ರ ಆಡಿ. ಇಲ್ಲಿನ ಹೆಸರಾದ ತಿಂಡಿ 'ಬೇಕ್ ಆಂಡ್ ಶಾರ್ಕ್'. ಎಣ್ಣೆಯಲ್ಲಿ ಕರಿದು ಉಬ್ಬಿದ ರೊಟ್ಟಿಯನ್ನು ಸೀಳಿ ಕರಿದ ಮೀನು ತುಂಬಿಸುತ್ತಾರೆ. ಆಮೇಲೆ ಹುಣಸೆ, ಬೆಳ್ಳುಳ್ಳಿ, ಶಾಡೋ ಬೆನಿ ಸಾಸುಗಳನ್ನು ನೀವೇ ಹಾಕಿಕೊಳ್ಳಬೇಕು. ಶಾರ್ಕ್ ಸಂತತಿ ಎಲ್ಲೆಡೆ ಕಡಿಮೆ ಆಗುತ್ತಿದೆ. ಆದ್ದರಿಂದ ಬೇರೆ ಮೀನು ಇದೆಯೇ ಕೇಳಿ, ರುಚಿಗೇನೂ ಮೋಸವಿಲ್ಲ. ಮೀನು ತಿನ್ನದವರು ಬರೀ ತರಕಾರಿ, ಸಾಸು ತುಂಬಿಸಿಕೊಳ್ಳಿ.

ಮೂರನೇ ದಿನ: ಕಬ್ಬಿನ ಸೀಮೆ

ನಾಲ್ಕು ದಿನದಲ್ಲಿ ಒಂದನ್ನೇ ಉಳಿಸಿಕೊಳ್ಳಿ ಅಂದರೆ ನಾನು ಉಳಿಸುವುದು ಇದನ್ನು. 1845ರ ಮೇ 30ರಂದು ಫತೇಲ್ ರಜಾಕ್ ಅನ್ನುವ ಹಡಗು ಕಲ್ಕತ್ತದಿಂದ ಸುಮಾರು 225 ಜನರನ್ನು ಕರೆತಂದಿತು. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಕ್ಕೆ ಕೈ ಬೇಕಿತ್ತು. 1917ರವರೆಗೆ ಹೀಗೆ ಕರಾರು ಕೂಲಿಗಳಾಗಿ ಬಂದವರು 1.4 ಲಕ್ಷಕ್ಕೂ ಹೆಚ್ಚು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದವರು. ಇಂದು ದೇಶದ ಜನರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅವರ ಮಕ್ಕಳು ಮೊಮ್ಮಕ್ಕಳು.

ಬೆಳಗ್ಗೆ ಕ್ಯಾರಪಿಚೈಮಾ ಕಡೆಗೆ ಹೊರಡಿ. ಮೈಸೂರಿನ ಅವಧೂತ ದತ್ತ ಪೀಠದ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಪರಂಪರೆಗೆ ಸೇರಿದ ದತ್ತಾತ್ರೇಯ ದೇವಸ್ಥಾನ ಅಲ್ಲಿದೆ. ಎದುರಿಗೇ 85 ಅಡಿ ಎತ್ತರದ ಹನುಮಂತ. ಅದೇ ರಸ್ತೆಯಲ್ಲಿ 2006ರಲ್ಲಿ ತೆರೆದ ಇಂಡಿಯನ್ ಕೆರಿಬಿಯನ್ ಮ್ಯೂಸಿಯಂ ಇದೆ. ಕೂಲಿಗಳ ಮನೆಯ ಪಾತ್ರೆ ಪಗಡ, ವಾದ್ಯಗಳು, ಹಳೆಯ ಫೋಟೋಗಳು. ಸಣ್ಣದೇ, ಆದರೆ ಅವಸರ ಮಾಡಬೇಡಿ. ಬಾಗಿಲು ತೆರೆದಿರುವ ದಿನ ಯಾವುದು ಅಂತ ಹಿಂದಿನ ದಿನವೇ ಫೋನ್ ಮಾಡಿಸಿ ಕೇಳಿ.

ಅಲ್ಲಿಂದ ವಾಟರ್ಲೂ ಹತ್ತಿರ. ಸಮುದ್ರದ ದೇವಸ್ಥಾನ ಇರುವುದು ಇಲ್ಲೇ. ಸೇವಾದಾಸ್ ಸಾಧು ಅನ್ನುವ ತೋಟದ ಕೂಲಿ 1947ರಲ್ಲಿ ದಡದ ಮೇಲೆ ಒಂದು ಗುಡಿ ಕಟ್ಟಿದರು. ನೆಲ ಸಕ್ಕರೆ ಕಂಪನಿಯದು. ಗುಡಿ ಕೆಡವಲು ಹೇಳಿದರು, ಇವರು ಒಪ್ಪಲಿಲ್ಲ. ಹದಿನಾಲ್ಕು ದಿನ ಜೈಲಾಯಿತು, 1952ರಲ್ಲಿ ಗುಡಿ ಉರುಳಿತು. ಸಮುದ್ರಕ್ಕೆ ಮಾಲೀಕರು ಯಾರೂ ಇಲ್ಲವಲ್ಲ! ನೀರಿನೊಳಗೇ ಕಟ್ಟಲು ಹೊರಟರು. ಸೈಕಲ್ಲಿಗೆ ಬಕೆಟ್ ನೇತುಹಾಕಿ ಕಲ್ಲು, ಮರಳು, ಸಿಮೆಂಟ್ ಸಾಗಿಸಿ ಕೆಸರಿನಲ್ಲಿ ದಾರಿ ಹಾಕಿದರು. ಜೀವಮಾನದ ಉಳಿದ ವರ್ಷಗಳನ್ನೆಲ್ಲ ಅದಕ್ಕೇ ಕೊಟ್ಟರು. ಅವರು ತೀರಿಕೊಂಡ ಮೇಲೆ ಅಲೆಗಳ ಹೊಡೆತಕ್ಕೆ ಗುಡಿ ಶಿಥಿಲವಾಯಿತು. ಭಾರತೀಯರು ಬಂದು 150 ವರ್ಷ ತುಂಬಿದಾಗ, 1995ರಲ್ಲಿ, ಸರ್ಕಾರವೇ ಮತ್ತೆ ಕಟ್ಟಿಸಿತು.

ಇಲ್ಲಿಗೆ ಹೋಗುವ ಮೊದಲು ಭರತ ಇಳಿತದ ಸಮಯ ನೋಡಿ. ಇಳಿತದಲ್ಲಿ ಸುತ್ತ ಬರೀ ಕೆಸರು, ನೀರುಹಕ್ಕಿಗಳು. ಭರತದಲ್ಲಿ ಗುಡಿ ನಿಜವಾಗಿಯೂ ನೀರಿನಲ್ಲಿ ನಿಂತಿರುತ್ತದೆ. ಪಕ್ಕದಲ್ಲೇ ಶವಸಂಸ್ಕಾರದ ಜಾಗ ಇದೆ. ಚಿತೆ ಉರಿಯುತ್ತಿದ್ದರೆ ಕ್ಯಾಮೆರಾ ಒಳಗಿಡಿ.

ಮಧ್ಯಾಹ್ನ ರೋಟಿ ಅಂಗಡಿಗೆ ಹೋಗಿ. ಒಳಗೆ ಬೇಳೆಪುಡಿ ತುಂಬಿದ ಧಾಲ್‌ಪುರಿ, ತವಾ ಮೇಲೆ ಬಡಿದು ಚಿಂದಿ ಮಾಡಿದ 'ಬಸ್ ಅಪ್ ಶಟ್'. ಜೊತೆಗೆ ಕುಂಬಳಕಾಯಿ, ಸುಟ್ಟ ಬದನೆಯ ಚೋಖಾ, ಅಲಸಂದೆ. ಮಾಂಸದ ಪಲ್ಯವೂ ಪಕ್ಕದಲ್ಲೇ ಇರುತ್ತದೆ, ಸೌಟು ಬೇರೆ ಇರಲಿ ಅಂತ ಹೇಳಿ.

ಮೂರೂವರೆ ಒಳಗೆ ಕರೋನಿ ಜೌಗಿನ ದೋಣಿಕಟ್ಟೆಗೆ ಬನ್ನಿ. ನಗರಕ್ಕೆ ಮರಳುವ ಹೆದ್ದಾರಿಯ ಪಕ್ಕದಲ್ಲೇ ಇದೆ. ದೋಣಿ ಹೊರಡುವುದು ನಾಲ್ಕರ ಸುಮಾರಿಗೆ. ಕಾಂಡ್ಲ ಕಾಡಿನ ಕಾಲುವೆಗಳಲ್ಲಿ ಸಾಗಿ ಒಂದು ಕಡೆ ಇಂಜಿನ್ ನಿಲ್ಲಿಸುತ್ತಾರೆ. ಹೊತ್ತು ಇಳಿಯುವಾಗ ಸ್ಕಾರ್ಲೆಟ್ ಐಬಿಸ್ ಹಕ್ಕಿಗಳು ಸಾಲು ಸಾಲಾಗಿ ಬಂದು ಒಂದೇ ನಡುಗಡ್ಡೆಯ ಮರಗಳ ಮೇಲೆ ಕೂರುತ್ತವೆ. ತಿನ್ನುವ ಏಡಿ, ಸೀಗಡಿಯಿಂದ ಅವಕ್ಕೆ ಆ ಕಡುಗೆಂಪು ಬಣ್ಣ. ದುರ್ಬೀನು, ಸೊಳ್ಳೆ ಮುಲಾಮು ಎರಡೂ ಬೇಕು.

ನಾಲ್ಕನೇ ದಿನ: ಆಯ್ಕೆ ನಿಮ್ಮದು

ಮಾರ್ಚ್‌ನಿಂದ ಆಗಸ್ಟ್ ನಡುವೆ ಹೋದವರು ಈಶಾನ್ಯ ಮೂಲೆಯ ಗ್ರಾಂದ್ ರಿವಿಯೇರ್‌ಗೆ ಹೋಗಿ ರಾತ್ರಿ ಉಳಿಯಿರಿ. ನೂರಾರು ಕಿಲೋ ತೂಗುವ ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆ ಇಡಲು ದಡ ಹತ್ತುತ್ತವೆ. ಆ ಕಾಲದಲ್ಲಿ ಪರ್ಮಿಟ್ ಮತ್ತು ಸ್ಥಳೀಯ ಗೈಡ್ ಇಲ್ಲದೆ ಬೀಚಿಗೆ ಹೋಗುವಂತಿಲ್ಲ. ಫ್ಲಾಶ್, ಬಿಳಿ ಟಾರ್ಚ್ ಬೇಡ, ಬೆಳಕಿಗೆ ಆಮೆ ದಾರಿ ತಪ್ಪುತ್ತದೆ.

ಬೇರೆ ತಿಂಗಳಾದರೆ ದಕ್ಷಿಣದ ಲಾ ಬ್ರಿಯಾಗೆ ಹೋಗಿ ಟಾರಿನ ಕೆರೆ ನೋಡಿ. ಸುಮಾರು 100 ಎಕರೆ ಡಾಂಬರು, ಮೇಲೆ ನಡೆಯಬಹುದು. ಎಲ್ಲಿ ಮೆತ್ತಗಿದೆ ಅಂತ ಗೈಡ್‌ಗೆ ಮಾತ್ರ ಗೊತ್ತು, ಅವರ ಹಿಂದೆಯೇ ಹೆಜ್ಜೆ ಹಾಕಿ. 1595ರಲ್ಲಿ ಇಂಗ್ಲೆಂಡಿನ ನಾವಿಕ ವಾಲ್ಟರ್ ರ್‍ಯಾಲಿ ತನ್ನ ಹಡಗಿನ ಸಂದುಗಳಿಗೆ ಇದನ್ನೇ ಬಳಿಸಿದ್ದ. ಬರುವಾಗ ಡೆಬೆಯಲ್ಲಿ ನಿಲ್ಲಿ. ರಸ್ತೆ ಬದಿ ಸಾಲು ಅಂಗಡಿ, ಫೊಲೌರಿ ಅನ್ನುವ ಬೇಳೆ ಹಿಟ್ಟಿನ ಪುಟ್ಟ ಬೋಂಡಾ, ಆಲೂ ಪೈ, ಸಹೀನಾ. ಸಹೀನಾ ಅಂದರೆ ಕೆಸುವಿನ ಎಲೆಗೆ ಬೇಳೆ ಹಿಟ್ಟು ಹಚ್ಚಿ ಸುತ್ತಿ ಕರಿದದ್ದು. ನಮ್ಮ ಪತ್ರೊಡೆಯ ದೂರದ ನೆಂಟ.

ಮನೆಗೆ ತರಲು ಕುಚೇಲಾ ಅನ್ನುವ ಮಾವಿನ ಉಪ್ಪಿನಕಾಯಿ, ಪೆಪ್ಪರ್ ಸಾಸು, ಅಲ್ಲಿನ ಕೋಕೊದ ಚಾಕೊಲೇಟ್ ಕೊಳ್ಳಿ. ಬಾಟಲಿಗಳನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಸಾಮಾನಿನಲ್ಲಿ ಬಟ್ಟೆ ಸುತ್ತಿ ಇಡಿ. ಚಾಕೊಲೇಟನ್ನು ಕೈಚೀಲದಲ್ಲೇ ತನ್ನಿ.