ಜೋಳದ ದಿಂಡಿನಿಂದ ಶುರುವಾಗುವ ಕಾರ್ನ್ ಚೌಡರ್

ಏಳೆಂಟು ಸಲ ಕಾರ್ನ್ ಚೌಡರ್, ಅಂದರೆ ಮೆಕ್ಕೆಜೋಳದ ದಪ್ಪ ಸೂಪ್, ಮಾಡಿದ ಮೇಲೆ ನನಗೊಂದು ವಿಷಯ ಗೊತ್ತಾಯಿತು. ಅಷ್ಟು ದಿನವೂ ನಾನು ಅದರ ಅರ್ಧ ರುಚಿಯನ್ನು ಕಸದ ಬುಟ್ಟಿಗೆ ಹಾಕುತ್ತಿದ್ದೆ. ಕಾಳು ಬಿಡಿಸಿದ ಮೇಲೆ ದಿಂಡು ಉಳಿಯುತ್ತದಲ್ಲ, ಅದನ್ನು.

ಮೊದಲೆಲ್ಲ ನನ್ನ ವಿಧಾನ ಹೀಗಿತ್ತು. ಕಾಳು ಬೇಯಿಸುವುದು, ಹಾಲು ಸುರಿಯುವುದು, ತೆಳ್ಳಗಾಯಿತು ಅನ್ನಿಸಿದರೆ ಕಾರ್ನ್‌ಫ್ಲೋರ್ ಕದಡಿ ಹಾಕುವುದು, ರುಚಿ ಸಾಲದು ಅನ್ನಿಸಿದರೆ ಕ್ರೀಮ್. ದಪ್ಪ ಬರುತ್ತಿತ್ತು. ನೋಡಲೂ ಚೆನ್ನಾಗಿರುತ್ತಿತ್ತು. ಬಾಯಿಗಿಟ್ಟರೆ ಮಾತ್ರ ಬಿಸಿ ಹಾಲಿನಲ್ಲಿ ಜೋಳದ ಕಾಳು ತೇಲುತ್ತಿರುವ ಹಾಗೆ, ಕಾಳೇ ಬೇರೆ, ರಸವೇ ಬೇರೆ. ಕ್ರೀಮ್ ಜಾಸ್ತಿ ಹಾಕಿದಷ್ಟೂ ಜೋಳದ ರುಚಿ ಇನ್ನೂ ಹಿಂದೆ ಸರಿಯುತ್ತಿತ್ತು.

ಚೌಡರ್ ಅಂದರೆ ದಪ್ಪಗೆ, ಅಗಿಯುವುದಕ್ಕೆ ತುಂಡುಗಳು ಸಿಗುವಂಥ ಸೂಪ್. ಅಮೆರಿಕದ ಈಶಾನ್ಯ ಕರಾವಳಿ, ಅಂದರೆ ನ್ಯೂ ಇಂಗ್ಲೆಂಡ್ ಕಡೆ ಇದು ಬಹಳ ಹಳೆಯದು. ಮೊದಲಿಗೆ ಮೀನಿನದ್ದು. ಮೀನು, ಉಪ್ಪು ಹಾಕಿಟ್ಟ ಹಂದಿ ಮಾಂಸ, ಈರುಳ್ಳಿ, ಗಟ್ಟಿ ಬಿಸ್ಕತ್ತು, ಇವನ್ನು ಒಂದರ ಮೇಲೊಂದು ಜೋಡಿಸಿ ದೊಡ್ಡ ಪಾತ್ರೆಯಲ್ಲಿ ಬೇಯಿಸುತ್ತಿದ್ದರು. ಜೋಳದ ಚೌಡರ್ ಆಮೇಲೆ ಬಂದದ್ದು, 19ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಅಡುಗೆ ಪುಸ್ತಕಗಳಲ್ಲಿ ಕಾಣಿಸಿಕೊಂಡಿತ್ತು. ಇದರಲ್ಲಿ ನನ್ನ ಗಮನ ಸೆಳೆದದ್ದು ಒಂದೇ. ದಪ್ಪ ಬರಿಸುವುದಕ್ಕೆ ಅವರು ಬಳಸುತ್ತಿದ್ದದ್ದು ಆಲೂಗಡ್ಡೆ ಮತ್ತು ಪುಡಿಯಾದ ಬಿಸ್ಕತ್ತು. ಲೋಟಗಟ್ಟಲೆ ಕ್ರೀಮ್ ಸುರಿಯಲೇಬೇಕು ಎಂಬ ನಿಯಮ ಎಲ್ಲೂ ಇರಲಿಲ್ಲ. ಹಾಗಾದರೆ ನಾನು ಯಾಕೆ ಸುರಿಯುತ್ತಿದ್ದೇನೆ ಅಂತ ಅನ್ನಿಸಿದ್ದು ಆಗಲೇ.

ಈಗ ನಾಲ್ಕು ಜನಕ್ಕೆ ನಾನು ತೆಗೆದುಕೊಳ್ಳುವುದು 6 ಸ್ವೀಟ್ ಕಾರ್ನ್ ತೆನೆ, 400 ಗ್ರಾಂ ಆಲೂಗಡ್ಡೆ, ಒಂದು ದೊಡ್ಡ ಈರುಳ್ಳಿ, ಎರಡು ಸೆಲರಿ ದಂಟು, 40 ಗ್ರಾಂ ಬೆಣ್ಣೆ, ಅರ್ಧ ಲೀಟರ್ ಗಟ್ಟಿ ಹಾಲು. ಜೊತೆಗೆ ಬೇ ಲೀಫ್, ಕಾಳುಮೆಣಸು, ಸ್ವಲ್ಪ ಥೈಮ್ (ಒಂದು ಪರಿಮಳದ ಸೊಪ್ಪು), ಉಪ್ಪು. ಇಷ್ಟೇ.

ತೆನೆ ಆರಿಸುವಾಗ ಸ್ವಲ್ಪ ಹೊತ್ತು ಕಳೆದರೂ ಪರವಾಗಿಲ್ಲ. ತೆನೆ ಕಿತ್ತ ಗಳಿಗೆಯಿಂದಲೇ ಕಾಳಿನ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ. ಬೆಚ್ಚಗಿನ ಜಾಗದಲ್ಲಿ ಇಟ್ಟರೆ ಬೇಗ, ಫ್ರಿಜ್‌ನಲ್ಲಿಟ್ಟರೆ ನಿಧಾನ. ಹಾಗಾಗಿ ತಂದ ತಕ್ಷಣ ಸಿಪ್ಪೆ ಸುಲಿಯದೆ ಹಾಗೇ ಫ್ರಿಜ್‌ಗೆ ಇಡುತ್ತೇನೆ, ಸಾಧ್ಯವಾದರೆ ಅವತ್ತೇ ಬಳಸುತ್ತೇನೆ. ಒಂದು ಕಾಳನ್ನು ಉಗುರಿನಿಂದ ಚುಚ್ಚಿ ನೋಡಿ. ಹಾಲಿನಂಥ ರಸ ಬಂದರೆ ಅದೇ ಸರಿಯಾದ ಹದ. ನೀರಿನ ಹಾಗೆ ತಿಳಿಯಾಗಿದ್ದರೆ ಇನ್ನೂ ಎಳೆಯದು, ರಸವೇ ಬರದಿದ್ದರೆ ಬಲಿತು ಹೋಗಿದೆ ಅಂತ. ಈಗ ಸಿಗುವ ಅತಿ ಸಿಹಿಯ ತಳಿಗಳಲ್ಲಿ ಸಕ್ಕರೆ ಹಲವು ದಿನ ಹಾಗೇ ಉಳಿಯುತ್ತದೆ, ಅದು ಒಳ್ಳೆಯದೇ. ಆದರೆ ಅವುಗಳಲ್ಲಿ ಪಿಷ್ಟ ಕಡಿಮೆ, ಆದ್ದರಿಂದ ರಸ ತೆಳ್ಳಗಿರುತ್ತದೆ. ಅಂಥ ತೆನೆ ಆದರೆ ನಾನು ಇನ್ನೊಂದು ಆಲೂಗಡ್ಡೆ ಸೇರಿಸುತ್ತೇನೆ.

ಕಾಳು ಬಿಡಿಸುವ ಕೆಲಸದಲ್ಲಿ ನಾನು ಮೊದಲು ಮಾಡುತ್ತಿದ್ದ ತಪ್ಪು, ಚಾಕುವನ್ನು ದಿಂಡಿಗೆ ಒತ್ತಿ ಆಳವಾಗಿ ಕುಯ್ಯುತ್ತಿದ್ದೆ. ಒಂದು ಕಾಳೂ ವೇಸ್ಟ್ ಆಗಬಾರದು ಅಂತ. ಹಾಗೆ ಕುಯ್ದರೆ ಕಾಳಿನ ಬುಡದ ಗಟ್ಟಿ ಹೊಟ್ಟೂ ಜೊತೆಗೆ ಬರುತ್ತದೆ, ಎಷ್ಟು ಬೇಯಿಸಿದರೂ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಈಗ ಕಾಳಿನ ಮುಕ್ಕಾಲು ಭಾಗ ಮಾತ್ರ ಕುಯ್ಯುತ್ತೇನೆ. ಆಮೇಲೆ ತೆನೆಯನ್ನು ಅಗಲ ಬಟ್ಟಲಲ್ಲಿ ನೆಟ್ಟಗೆ ನಿಲ್ಲಿಸಿ, ಚಾಕುವಿನ ಹಿಂಭಾಗದಿಂದ ಮೇಲಿಂದ ಕೆಳಗೆ ಗಟ್ಟಿಯಾಗಿ ಒತ್ತಿ ಉಜ್ಜುತ್ತೇನೆ. ಉಳಿದ ತಿರುಳೆಲ್ಲ ಹಳದಿ ಹಾಲಿನ ಹಾಗೆ ಬಟ್ಟಲಿಗೆ ಇಳಿಯುತ್ತದೆ. ಕೈಗೆ, ಮೇಜಿಗೆ, ಗೋಡೆಗೆ ಸ್ವಲ್ಪ ಸಿಡಿಯುತ್ತದೆ, ಒರೆಸಿಕೊಂಡರಾಯಿತು. ಈ ಜೋಳದ ಹಾಲನ್ನು ಬೇರೆಯಾಗಿ ತೆಗೆದಿಡಿ, ಕಾಳಿನ ಜೊತೆ ಬೆರೆಸಬೇಡಿ. ದಪ್ಪ ಬರಿಸುವುದು ಇದೇ. ಮೆಕ್ಕೆಜೋಳದ ಪಿಷ್ಟದಿಂದಲೇ ತಾನೇ ಕಾರ್ನ್‌ಫ್ಲೋರ್ ಮಾಡುವುದು. ಅದೇ ಪಿಷ್ಟ ರುಚಿಯ ಸಮೇತ ಬಟ್ಟಲಲ್ಲಿ ಕೂತಿರುವಾಗ ಡಬ್ಬಿಯ ಪುಡಿ ಯಾಕೆ ಬೇಕು?

ಉಜ್ಜಿದ ದಿಂಡುಗಳನ್ನು ಎರಡೆರಡು ತುಂಡು ಮಾಡಿ, ಒಂದೂಕಾಲು ಲೀಟರ್ ತಣ್ಣೀರು, ಒಂದು ಬೇ ಲೀಫ್, ಹತ್ತು ಕಾಳುಮೆಣಸು ಹಾಕಿ ಒಲೆಗಿಡುತ್ತೇನೆ. ಕುದಿ ಬಂದ ಮೇಲೆ ಸಣ್ಣ ಉರಿ, ಮುಚ್ಚಳ ಅರ್ಧ ಮುಚ್ಚಿ 30 ನಿಮಿಷ. ಉಪ್ಪು ಈಗ ಹಾಕುವುದಿಲ್ಲ, ನೀರು ಇಂಗಿ ಕಡಿಮೆಯಾದ ಮೇಲೆ ಲೆಕ್ಕ ತಪ್ಪುತ್ತದೆ. ಮೊದಲ ಸಲ ಈ ನೀರನ್ನು ಸೋಸಿ ಒಂದು ಚಮಚ ಬಾಯಿಗೆ ಹಾಕಿಕೊಂಡಾಗ ನಾನು ಅಲ್ಲೇ ನಿಂತುಬಿಟ್ಟೆ. ನೋಡಲು ತೆಳು ಹಳದಿ ನೀರು, ಆದರೆ ಕಾಳಿಗಿಂತ ಹೆಚ್ಚು ಜೋಳದ ರುಚಿ ಅದರಲ್ಲೇ ಇತ್ತು. ಇದುವರೆಗೆ ಬರೀ ನೀರು ಹಾಕುತ್ತಿದ್ದ ಜಾಗಕ್ಕೆಲ್ಲ ಇದನ್ನು ಹಾಕಿದರೆ ಏನಾಗಬಹುದು ಅಂತ ಯೋಚಿಸಿ ನೋಡಿ.

ದಿಂಡು ಬೇಯುತ್ತಿರುವಾಗಲೇ ಪಕ್ಕದ ಒಲೆಯಲ್ಲಿ ದಪ್ಪ ತಳದ ಪಾತ್ರೆ ಇಟ್ಟು ಬೆಣ್ಣೆ ಕರಗಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಸೆಲರಿ, ಥೈಮ್, ಚಿಟಿಕೆ ಉಪ್ಪು. ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಮೆತ್ತಗಾಗಬೇಕು, ಕೆಂಪಾಗಬಾರದು. ಕೆಂಪಾದ ಈರುಳ್ಳಿಯ ರುಚಿ ಜೋಳದ ಮೇಲೆ ಸವಾರಿ ಮಾಡುತ್ತದೆ. ಬೇಕನ್ (ಉಪ್ಪು ಹಾಕಿ ಹೊಗೆ ಹಿಡಿಸಿದ ಹಂದಿ ಮಾಂಸ) ತಿನ್ನುವವರು ಮೊದಲು ಅದನ್ನು ಹುರಿದು ಅದರ ಕೊಬ್ಬಿನಲ್ಲೇ ಈರುಳ್ಳಿ ಬಾಡಿಸುತ್ತಾರೆ, ಆ ಹೊಗೆಯ ಪರಿಮಳ ಚೌಡರ್‌ಗೆ ಚೆನ್ನಾಗಿ ಒಗ್ಗುತ್ತದೆ. ನಾನು ತಿನ್ನುವುದಿಲ್ಲ. ಅದರ ಬದಲು ಆರರಲ್ಲಿ ಒಂದು ತೆನೆಯನ್ನು ನೇರ ಉರಿಯ ಮೇಲೆ ಅಲ್ಲಲ್ಲಿ ಕಪ್ಪಾಗುವ ತನಕ ಸುಟ್ಟು, ಅದರ ಕಾಳನ್ನು ಕೊನೆಗೆ ಮೇಲೆ ಉದುರಿಸಲು ಇಟ್ಟುಕೊಳ್ಳುತ್ತೇನೆ. ಅದರ ದಿಂಡೂ ಉಳಿದವುಗಳ ಜೊತೆ ನೀರಿಗೆ ಹೋಗುತ್ತದೆ. ಹೊಗೆಯ ಪರಿಮಳ ಎರಡು ಕಡೆಯಿಂದಲೂ ಬರುತ್ತದೆ.

ಆಲೂಗಡ್ಡೆಯಲ್ಲಿ ಎರಡು ಥರ ಇದೆಯಲ್ಲ, ಬೆಂದರೆ ಪುಡಿಯಾಗುವಂಥದ್ದು ಮತ್ತು ಬೆಂದರೂ ತುಂಡು ತುಂಡಾಗಿ ಉಳಿಯುವಂಥದ್ದು. ಎರಡೂ ಸಿಕ್ಕರೆ ಅರ್ಧರ್ಧ ಹಾಕುತ್ತೇನೆ. ಒಂದು ಕರಗಿ ದಪ್ಪ ಕೊಡುತ್ತದೆ, ಇನ್ನೊಂದು ಬಾಯಿಗೆ ಸಿಗುತ್ತದೆ. ಹೆಚ್ಚಿದ ಮೇಲೆ ತೊಳೆಯಬಾರದು, ಅಂಟಿರುವ ಪಿಷ್ಟ ನೀರಿನಲ್ಲಿ ಹೋಗಿಬಿಡುತ್ತದೆ. ದಿಂಡಿನ ನೀರನ್ನು ಸೋಸಿ ಪಾತ್ರೆಗೆ ಹಾಕಿ, ಆಲೂಗಡ್ಡೆ, ಉಪ್ಪು ಸೇರಿಸಿ 10-12 ನಿಮಿಷ ಬೇಯಿಸುತ್ತೇನೆ. ಚುಚ್ಚಿದರೆ ಮೆತ್ತಗಾಗಿದೆ ಅನ್ನಿಸಿದಾಗ ಕಾಳು ಹಾಕಿ ಇನ್ನೈದು ನಿಮಿಷ, ಅಷ್ಟೇ. ಸ್ವೀಟ್ ಕಾರ್ನ್ ಬೇಗ ಬೇಯುತ್ತದೆ.

ಇಲ್ಲಿ ಅಮ್ಮನ ವಿಷಯ ಹೇಳಬೇಕು. ಅಮ್ಮ ಹಲ್ಲು ತೆಗೆಸಿಕೊಂಡಿದ್ದ ವಾರ. ಮೆತ್ತಗಿರುವುದು ಮಾಡಿಕೊಡು ಅಂದರು, ನಾನು ಚೌಡರ್ ಮಾಡಿದೆ. ಎರಡು ಚಮಚ ಕುಡಿದು ಬಟ್ಟಲು ಪಕ್ಕಕ್ಕಿಟ್ಟರು. ‘ರುಚಿ ಚೆನ್ನಾಗಿದೆ ಕಣೆ, ಆದರೆ ಸಿಪ್ಪೆ ಸಿಕ್ಕಿಹಾಕಿಕೊಳ್ತಿದೆ’ ಅಂದರು. ನಿಜ. ಜೋಳದ ಕಾಳಿನ ಹೊರ ಸಿಪ್ಪೆ ಬೇಯಿಸಿದರೆ ಕರಗುವಂಥದ್ದಲ್ಲ, ಗಂಟೆಗಟ್ಟಲೆ ಬೇಯಿಸಿದರೂ ಹಾಗೇ ಇರುತ್ತದೆ. ಅವತ್ತು ಎಲ್ಲವನ್ನೂ ಮಿಕ್ಸಿಗೆ ಹಾಕಿ ತಿರುಗಿಸಿದೆ. ಸಿಪ್ಪೆಯೇನೋ ನುಣ್ಣಗಾಯಿತು, ಆದರೆ ಆಲೂಗಡ್ಡೆ ಅಂಟಂಟಾಗಿ ಎಳೆ ಎಳೆಯಾಗಿ ಬರತೊಡಗಿತು. ಬೆಂದ ಆಲೂಗಡ್ಡೆಯನ್ನು ವೇಗವಾಗಿ ಅರೆದರೆ ಅದರೊಳಗಿನ ಪಿಷ್ಟವೆಲ್ಲ ಹೊರಬಂದು ಗೋಂದಿನ ಹಾಗಾಗುತ್ತದೆ. ಅಮ್ಮ ಏನೂ ಹೇಳದೆ ಅದನ್ನೇ ಕುಡಿದರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಮಾರನೇ ದಿನ ಮತ್ತೆ ಮಾಡಿದೆ. ಈ ಸಲ ಆಲೂಗಡ್ಡೆ ಹಾಕುವ ಮೊದಲೇ ಅರ್ಧದಷ್ಟು ಕಾಳನ್ನು ದಿಂಡಿನ ನೀರಲ್ಲಿ ಬೇಯಿಸಿ, ಅದನ್ನು ಮಾತ್ರ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ, ಜರಡಿಯಲ್ಲಿ ಸೌಟಿನಿಂದ ಒತ್ತಿ ಸೋಸಿದೆ. ಆಲೂಗಡ್ಡೆಯನ್ನು ಪಾತ್ರೆಯಲ್ಲೇ ಸೌಟಿನ ಬೆನ್ನಿನಿಂದ ಮೆತ್ತಗೆ ಮಸೆದೆ. ಇಡೀ ಕಾಳು ಹಾಕಲೇ ಇಲ್ಲ. ಅಮ್ಮ ಎರಡು ಬಟ್ಟಲು ಕುಡಿದರು.

ಹಲ್ಲು ನೋವು ವಾಸಿಯಾಯಿತು, ಆ ಪದ್ಧತಿ ಮಾತ್ರ ಉಳಿಯಿತು. ಈಗಲೂ ಮೂರನೇ ಒಂದು ಭಾಗ ಕಾಳನ್ನು ಹೀಗೇ ಅರೆದು ಸೋಸಿ ಹಾಕುತ್ತೇನೆ, ಉಳಿದದ್ದು ಇಡೀ ಕಾಳು. ಸೂಪ್ ಮತ್ತು ಕಾಳು ಒಂದೇ ಅನ್ನಿಸುವುದು ಇದರಿಂದ. ಒಂದು ಎಚ್ಚರ. ಬಿಸಿಯಾಗಿರುವುದನ್ನು ಮಿಕ್ಸಿ ಜಾರಿಗೆ ತುಂಬಬೇಡಿ, ಆವಿ ಮುಚ್ಚಳವನ್ನು ಹಾರಿಸಿಬಿಡುತ್ತದೆ. ಆರಲು ಬಿಡಿ, ಅರ್ಧ ಜಾರ್ ಮಾತ್ರ ಹಾಕಿ.

ಇನ್ನು ತೆಗೆದಿಟ್ಟ ಜೋಳದ ಹಾಲು. ಇದನ್ನು ಹಸುವಿನ ಹಾಲಿಗಿಂತ ಮೊದಲು ಹಾಕಬೇಕು, ಪಾತ್ರೆಯಲ್ಲಿರುವುದು ಇನ್ನೂ ಕುದಿಯುತ್ತಿರುವಾಗಲೇ. ಪಿಷ್ಟ ದಪ್ಪವಾಗಬೇಕಾದರೆ ಅದಕ್ಕೆ ಚೆನ್ನಾಗಿ ಕಾವು ಸಿಗಬೇಕು, ಹಾಲು ಹಾಕಿದ ಮೇಲೆ ಅಷ್ಟು ಕುದಿಸುವ ಹಾಗಿಲ್ಲ. ಹಾಕಿದ ಮೇಲೆ ಎರಡು ಮೂರು ನಿಮಿಷ ಕೈ ಬಿಡದೆ ತಿರುವಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ. ನೋಡನೋಡುತ್ತಲೇ ಸೌಟಿಗೆ ಭಾರ ಬರುತ್ತದೆ. ಆ ಕ್ಷಣ ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ.

ಹಾಲಿನ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದಿದ್ದೇನೆ. ಫ್ರಿಜ್‌ನಿಂದ ತೆಗೆದ ಹಾಲನ್ನು ಕೊತಕೊತ ಕುದಿಯುವ ಪಾತ್ರೆಗೆ ಒಂದೇ ಸಲ ಸುರಿದು, ಹುಳಿ ಇದ್ದರೆ ಚೆನ್ನ ಅಂತ ನಿಂಬೆ ರಸವನ್ನೂ ಹಿಂಡಿ, ಫೋನ್ ಬಂತೆಂದು ಆಚೆ ಹೋದೆ. ಬಂದು ನೋಡಿದರೆ ಹಾಲು ಒಡೆದು ಬಿಳಿ ಹರಳು ಹರಳಾಗಿ ತೇಲುತ್ತಿತ್ತು. ಹುಳಿ ಮತ್ತು ಜೋರು ಕಾವು ಒಟ್ಟಿಗೆ ಸೇರಿದರೆ ಹಾಲಿನ ಪ್ರೋಟೀನ್ ಗಂಟು ಕಟ್ಟುತ್ತದೆ. ತಿಂದರೆ ಏನೂ ತೊಂದರೆ ಇಲ್ಲ, ಆದರೆ ನಾಲಿಗೆಗೆ ತರಿತರಿ. ಈಗ ಉರಿ ಆರಿಸಿ ಎರಡು ನಿಮಿಷ ಬಿಡುತ್ತೇನೆ. ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿದ ಹಾಲಿಗೆ ಮೊದಲು ಎರಡು ಸೌಟು ಚೌಡರ್ ಬೆರೆಸಿ, ಆಮೇಲೆ ಅದನ್ನೆಲ್ಲ ದೊಡ್ಡ ಪಾತ್ರೆಗೆ ಸುರಿದು, ಸಣ್ಣ ಉರಿಯಲ್ಲಿ ಆವಿ ಏಳುವ ತನಕ ಮಾತ್ರ ಇಡುತ್ತೇನೆ. ಗುಳ್ಳೆ ಬರಬಾರದು. ನಿಂಬೆ ಬೇಕಿದ್ದವರು ತಮ್ಮ ಬಟ್ಟಲಿಗೆ ಎರಡು ಹನಿ ಹಿಂಡಿಕೊಳ್ಳಲಿ.

ಮೈದಾ ಹಾಕುವುದು ತಪ್ಪೇನಲ್ಲ. ಜನ ಜಾಸ್ತಿ ಇದ್ದು ಪಾತ್ರೆಯನ್ನು ಗಂಟೆಗಟ್ಟಲೆ ಬಿಸಿಯಾಗಿ ಇಡಬೇಕಾದಾಗ ನಾನೂ ಈರುಳ್ಳಿ ಬಾಡಿದ ಮೇಲೆ ಒಂದು ದೊಡ್ಡ ಚಮಚ ಮೈದಾ ಹಾಕಿ, ಹಸಿ ವಾಸನೆ ಹೋಗುವ ತನಕ ಹುರಿಯುತ್ತೇನೆ. ಮೈದಾ ಇದ್ದರೆ ಹಾಲು ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ಮನೆಮಂದಿ ನಾಲ್ಕೇ ಜನ ತಕ್ಷಣ ಕುಡಿಯುವುದಾದರೆ ಬೇಡವೇ ಬೇಡ.

ಫ್ರೋಜನ್ ಕಾಳಿನಲ್ಲಿ ಮಾಡಬಹುದಾ ಅಂದರೆ, ಮಾಡಬಹುದು. ಅವುಗಳನ್ನು ಕೊಯ್ದ ಸ್ವಲ್ಪ ಹೊತ್ತಿಗೇ ಬಿಸಿನೀರಲ್ಲಿ ಅದ್ದಿ ಹೆಪ್ಪುಗಟ್ಟಿಸುವುದರಿಂದ, ನಾಲ್ಕು ದಿನ ಹೊರಗೆ ಬಿದ್ದಿದ್ದ ತೆನೆಗಿಂತ ಅವೇ ಸಿಹಿಯಾಗಿರುವುದುಂಟು. ದಿಂಡು ಇರುವುದಿಲ್ಲ ಅನ್ನುವುದೇ ಕೊರತೆ. ಆಗ ಮೂರನೇ ಒಂದು ಭಾಗದ ಬದಲು ಅರ್ಧ ಕಾಳು ಅರೆಯಿರಿ.

ಇಳಿಸಿದ ಮೇಲೆ ಇಪ್ಪತ್ತು ನಿಮಿಷ ಮುಚ್ಚಿಟ್ಟರೆ ಇನ್ನೂ ದಪ್ಪವಾಗುತ್ತದೆ. ಅದಕ್ಕೇ ಒಲೆಯ ಮೇಲಿರುವಾಗ ಸ್ವಲ್ಪ ತೆಳ್ಳಗೇ ಇರಲಿ. ಬಡಿಸುವಾಗ ಸುಟ್ಟ ಕಾಳು, ಕುಟ್ಟಿದ ಕಾಳುಮೆಣಸು. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಟ್ಟರೆ ಎರಡು ಮೂರು ದಿನ ಚೆನ್ನಾಗಿರುತ್ತದೆ, ನನಗಂತೂ ಮಾರನೇ ದಿನದ್ದೇ ಇಷ್ಟ. ಬಿಸಿ ಮಾಡುವಾಗ ಸ್ವಲ್ಪ ಹಾಲು ಸೇರಿಸಿ, ಮತ್ತೆ ಸಣ್ಣ ಉರಿಯಲ್ಲೇ. ಪೂರ್ತಿ ಚೌಡರನ್ನು ಫ್ರೀಜರ್‌ನಲ್ಲಿ ಇಡಬೇಡಿ, ಹಾಲು ಬೇರೆಯಾಗಿ ಆಲೂಗಡ್ಡೆ ಮರಳು ಮರಳಾಗುತ್ತದೆ.

ದಿಂಡನ್ನು ಮಾತ್ರ ಧೈರ್ಯವಾಗಿ ಇಡಬಹುದು. ಬೇರೆ ಯಾವ ಅಡುಗೆಗೆ ಜೋಳ ಬಿಡಿಸಿದರೂ ಈಗ ನಮ್ಮನೆಯಲ್ಲಿ ದಿಂಡೆಲ್ಲ ಫ್ರೀಜರ್‌ನ ಒಂದು ಚೀಲಕ್ಕೆ ಹೋಗುತ್ತದೆ. ಆರೇಳು ಸೇರಿದ ಮೇಲೆ ಕರಗಿಸಲೂ ಬೇಕಿಲ್ಲ, ಹಾಗೇ ತಣ್ಣೀರಿಗೆ ಹಾಕಿ ಒಲೆ ಹಚ್ಚುತ್ತೇನೆ.