‘ಸುರಕ್ಷಿತ’ ಎಂಬ ಹೆಸರಿಗೆ ಬಂದ ಆಕ್ಷೇಪ

ಹುಬ್ಬಳ್ಳಿಯಲ್ಲಿ ಚಿಕ್ಕ ಕಚೇರಿಯಿಟ್ಟುಕೊಂಡು ಅಂಗಡಿ, ಶಾಲೆ, ಸಂಘಗಳಿಗೆ ಜಾಲತಾಣ ಮಾಡಿಕೊಡುವುದು ನನ್ನ ಉದ್ಯೋಗ. ಡೊಮೇನ್ ಹೆಸರಿನ, ಅಂದರೆ ಜಾಲತಾಣದ ವಿಳಾಸದ, ನೋಂದಣಿ ಅದರಲ್ಲಿ ಐದು ನಿಮಿಷದ ಕೆಲಸ. ಆದರೆ ಗದಗಿನ ಹೆಲ್ಮೆಟ್ ವ್ಯಾಪಾರಿಯೊಬ್ಬರ ಹೆಸರಿಗೆ 11 ದಿನ ಹಿಡಿಯಿತು. ಅವರ ಅಂಗಡಿಯ ಹೆಸರು ‘ಸುರಕ್ಷಿತ’. ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ನಡುವೆ ಎಸ್, ಎಚ್, ಐ, ಟಿ ಎಂಬ ನಾಲ್ಕು ಅಕ್ಷರಗಳು ಸಾಲಾಗಿ ಬರುತ್ತವೆ. ಆ ಭಾಷೆಯಲ್ಲಿ ಅದು ಹೊಲಸು ಮಾತು. ನೋಂದಣಿ ಸಂಸ್ಥೆಯ ತಂತ್ರಾಂಶ ಅಷ್ಟನ್ನೇ ಕಂಡು, ಹೆಸರು ಆಕ್ಷೇಪಾರ್ಹವೆಂದು ತಡೆಹಿಡಿಯಿತು. “ನಮ್ಮ ಹೆಸರಿನ್ಯಾಗ ಏನ್ ತಪ್ಪೈತ್ರೀ ಸರ?” ಎಂದು ಅವರು ಕೇಳಿದಾಗ, ಪರದೆಯ ಮೇಲೆ ಆ ನಾಲ್ಕು ಅಕ್ಷರಗಳಿಗೆ ಬೆರಳಿಟ್ಟು ಅರ್ಥ ಹೇಳಲು ನನಗೆ ನಾಚಿಕೆಯಾಯಿತು. ರಕ್ಷಿತಾ, ಹರ್ಷಿತಾ, ದೀಕ್ಷಿತ ಎಂಬ ಹೆಸರುಗಳಿಗೂ ಇದೇ ಗತಿಯಲ್ಲವೇ? 1998ರಲ್ಲಿ ಅಮೆರಿಕದಲ್ಲಿ ಶಿಟಾಕೆ ಅಣಬೆಯ ಹೆಸರಿನ ಡೊಮೇನ್ ಕೂಡ ಇದೇ ಅಕ್ಷರಗಳ ದೆಸೆಯಿಂದ ತಿರಸ್ಕೃತವಾಗಿತ್ತು.

ಕೆಲವು ತಿಂಗಳ ನಂತರ ಯುವಕನೊಬ್ಬ ತನ್ನ ಹಳೆಯ ಮಾಸ್ತರರ ಹೆಸರಿಗೆ ಕನ್ನಡದ ಅವಾಚ್ಯ ಬೈಗುಳವೊಂದನ್ನು ಜೋಡಿಸಿ ಡೊಮೇನ್ ಕೇಳಿದ. ಅದೇ ತಂತ್ರಾಂಶ ಆ ಹೆಸರನ್ನು ತಕ್ಷಣ ಒಪ್ಪಿತು. ಕನ್ನಡ ಲಿಪಿಯಲ್ಲೇ ಬರೆದಿದ್ದರೆ, ಡೊಮೇನ್ ವ್ಯವಸ್ಥೆ ಅದನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಬದಲಿಸುವುದರಿಂದ, ತಂತ್ರಾಂಶಕ್ಕೆ ಕಾಣುತ್ತಿದ್ದುದು ‘ಎಕ್ಸ್‌ಎನ್’ ಎಂದು ಆರಂಭವಾಗುವ, ಓದಿದರೆ ಅರ್ಥವಾಗದ ಅಕ್ಷರಮಾಲೆ ಮಾತ್ರ. ನಾನು ನೋಂದಾಯಿಸಲು ಒಪ್ಪಲಿಲ್ಲ. ಆದರೂ ಕೆಲವು ನೂರು ರೂಪಾಯಿಗೆ ಹೆಸರು ಮಾರುವ ನಾನೊಬ್ಬನೇ ಇದನ್ನು ತೀರ್ಮಾನಿಸಬೇಕೇ ಎಂಬ ಪ್ರಶ್ನೆ ಆ ರಾತ್ರಿಯಿಂದ ನನ್ನನ್ನು ಬಿಟ್ಟಿಲ್ಲ.

ಭಾರತದ ಡಾಟ್ ಇನ್ ಹೆಸರುಗಳ ತಕರಾರಿಗೆ ಮಧ್ಯಸ್ಥಿಕೆಯ ನಿಯಮವಿದ್ದರೂ, ಬೇರೊಬ್ಬರ ಹೆಸರನ್ನು ದುರುದ್ದೇಶದಿಂದ ಕಬಳಿಸಿದ್ದಾರೆಯೇ ಎಂಬುದನ್ನು ನೋಡುವುದೇ ಅದರ ಕೆಲಸ; ಪದದ ಮರ್ಯಾದೆಯನ್ನು ಅದು ಅಳೆಯುವುದಿಲ್ಲ. ಬ್ರಿಟನ್ನಿನ ಡಾಟ್ ಯುಕೆ ಹೆಸರುಗಳನ್ನು ನಿರ್ವಹಿಸುವ ನಾಮಿನೆಟ್ ಸಂಸ್ಥೆ 2014ರಲ್ಲಿ ಹಿಡಿದ ದಾರಿ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ: ಪದ ಅಸಭ್ಯವೆಂಬ ಒಂದೇ ಕಾರಣಕ್ಕೆ ತಡೆಯಿಲ್ಲ, ಗಂಭೀರ ಲೈಂಗಿಕ ಅಪರಾಧವನ್ನು ಸೂಚಿಸುವ ಹೆಸರುಗಳನ್ನು ಮಾತ್ರ ನೋಂದಣಿಯ ನಂತರ ಪರಿಶೀಲಿಸಿ ಅಮಾನತುಗೊಳಿಸುತ್ತಾರೆ. ಮಾಸ್ತರರಂಥ ವ್ಯಕ್ತಿಯ ಮಾನಹಾನಿಯ ಪ್ರಶ್ನೆ ನ್ಯಾಯಾಲಯಕ್ಕೆ ಸೇರಿದ್ದು. ಯಂತ್ರ ಅನುಮಾನಪಡಲಿ, ಬೇಡವೆನ್ನುವುದಿಲ್ಲ. ಆದರೆ ನಿರಾಕರಿಸುವವರು ಆ ಭಾಷೆಯನ್ನು ಬಲ್ಲ ಮನುಷ್ಯರಾಗಿರಬೇಕು, ಕಾರಣವನ್ನು ಬರೆದು ಕೊಡಬೇಕು, ಮೇಲ್ಮನವಿಗೆ ಜಾಗವಿರಬೇಕು. ಈಗ ನಾನು ಒಲ್ಲೆನೆಂದ ಹೆಸರಿಗೆ ಕಾರಣವನ್ನು ಬರೆದೇ ಕೊಡುತ್ತೇನೆ.

ಗದಗಿನ ವ್ಯಾಪಾರಿಯ ಪರವಾಗಿ ಅಂಗಡಿಯ ಪರವಾನಗಿಯನ್ನೂ ನಿಘಂಟಿನ ಪುಟವನ್ನೂ ಲಗತ್ತಿಸಿ ಮೂರು ಬಾರಿ ಬರೆದೆ. 11ನೆಯ ದಿನ ಹೆಸರು ಸಿಕ್ಕಿತು. ಯಾರು ಓದಿದರು, ಏನು ಕಂಡು ಒಪ್ಪಿದರು ಎಂಬ ಒಂದು ಸಾಲೂ ಅದರೊಂದಿಗೆ ಬರಲಿಲ್ಲ.